ಜಪ್ಪಯ್ಯ ಅಂದರೂ ಬಿಡದ ಸ್ಕ್ರೂಗೆ ಇಂಪ್ಯಾಕ್ಟ್ ಡ್ರೈವರ್: ಒಂದು ವರ್ಷ ಬಳಸಿದ ಮೇಲೆ

ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ತಗೊಂಡು ಒಂದು ವರ್ಷವಾಯಿತು. ಬ್ಯಾಟರಿಯದ್ದಲ್ಲ, ಇದಕ್ಕೆ ಕರೆಂಟೂ ಬೇಡ. ಅಂಗೈ ತುಂಬುವಷ್ಟು ದಪ್ಪದ ಉಕ್ಕಿನ ಹಿಡಿ, ತುದಿಯಲ್ಲಿ ಬಿಟ್ (ಸ್ಕ್ರೂ ತಲೆಯೊಳಗೆ ಕೂರುವ ಬಿಡಿ ತುದಿ) ಕೂರಿಸಲು ಒಂದು ಗೂಡು, ಅಷ್ಟೇ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 650 ರೂಪಾಯಿ ಕೊಟ್ಟು ತಂದೆ. ಗ್ಯಾರೇಜಿನವರಿಗೆ ಇದು ಹೊಸದೇನಲ್ಲ. ಆರ್‌ಎಕ್ಸ್ 100 ಬೈಕಿನ ಇಂಜಿನ್ ಕವರ್‌ನ ಪ್ಲಸ್ ಸ್ಕ್ರೂ ಬಿಚ್ಚಿದ ಯಾವ ಮೆಕ್ಯಾನಿಕ್‌ನನ್ನು ಕೇಳಿದರೂ ಇದು ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಹೇಳುತ್ತಾರೆ. ನನಗೆ ಬೇಕಾಗಿದ್ದು ಅಪ್ಪನ ಬೆಂಚ್ ವೈಸ್‌ಗೆ, ಅಂದರೆ ಕೆಲಸದ ವಸ್ತುವನ್ನು ಬಾಯಲ್ಲಿ ಕಚ್ಚಿ ಹಿಡಿಯುವ ಉಪಕರಣಕ್ಕೆ.

ಅಪ್ಪ ಭದ್ರಾವತಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಹಿತ್ತಲಿನ ಶೆಡ್ಡಿನಲ್ಲಿದ್ದ ಅವರ 5 ಇಂಚಿನ ವೈಸ್ ಹತ್ತು ಮಳೆಗಾಲ ಸೋರುವ ಶೀಟಿನ ಕೆಳಗೇ ಕಳೆದಿತ್ತು. ಬಾಯಿಯ ಎರಡು ಪ್ಲೇಟುಗಳ ಹಲ್ಲು ಸವೆದು ನುಣ್ಣಗಾಗಿದ್ದವು. ಬದಲಾಯಿಸೋಣ ಅಂದರೆ ಅವನ್ನು ಹಿಡಿದಿದ್ದ ನಾಲ್ಕು ಮೈನಸ್ ಸ್ಕ್ರೂಗಳು ತುಕ್ಕಿನಲ್ಲಿ ಕಲ್ಲಾಗಿ ಕೂತಿದ್ದವು. ಮೂರು ದಿನ ಎಣ್ಣೆ ಬಿಟ್ಟು ನೋಡಿದೆ. ಉದ್ದ ಹಿಡಿಯ ಸ್ಕ್ರೂಡ್ರೈವರ್ ಹಾಕಿ, ಅದಕ್ಕೆ ಸ್ಪ್ಯಾನರ್ ಕೊಟ್ಟು ತಿರುಗಿಸಿದೆ. ತುದಿ ಮೇಲೆದ್ದು ಜಾರಿತು, ಒಂದು ಸ್ಕ್ರೂ ತಲೆಯ ಅಂಚೂ ಕಿತ್ತುಬಂತು.

ಇಂಪ್ಯಾಕ್ಟ್ ಡ್ರೈವರ್ ಗೆಲ್ಲುವುದು ಇಲ್ಲೇ. ಹಿಡಿಯ ಒಳಗೆ ಓರೆಯಾಗಿ ಕೊರೆದ ಜಾಡು ಇರುತ್ತದೆ. ಮೇಲೆ ಏಟು ಬಿದ್ದರೆ ಬಿಟ್ ಸ್ಕ್ರೂ ಒಳಕ್ಕೆ ಒತ್ತುತ್ತದೆ, ಅದೇ ಕ್ಷಣ ಚೂರು ತಿರುಗುತ್ತದೆ. ಒತ್ತಿಕೊಂಡೇ ತಿರುಗುವುದರಿಂದ, ಬಿಟ್ ಸರಿಯಾಗಿ ಕೂತಿದ್ದರೆ ಜಾರುವುದು ಕಡಿಮೆ. ಏಟಿನ ಅದುರಿಗೆ ತುಕ್ಕು ಕೂಡ ಒಡೆಯುತ್ತದೆ.

ಹೊಡೆಯುವ ಮೊದಲು ದಿಕ್ಕು ನೋಡಿಕೊಳ್ಳಿ. ಬಿಗಿ ಮಾಡುವ ಕಡೆ ಇಟ್ಟು ಹೊಡೆದರೆ ಸ್ಕ್ರೂ ಇನ್ನೂ ಕಚ್ಚಿಕೊಳ್ಳುತ್ತದೆ. ಬಿಟ್ ಕೂರಿಸಿ, ಹಿಡಿಯನ್ನು ಬಿಚ್ಚುವ ಕಡೆಗೆ ಕೈಯಿಂದಲೇ ಬಿಗಿಯಾಗಿ ತಿರುಗಿಸಿ ಹಿಡಿದುಕೊಂಡು ಆಮೇಲೆ ಹೊಡೆಯಬೇಕು. ಸಣ್ಣ ಸುತ್ತಿಗೆ ಸುಮ್ನೆ ಪುಟಿಯುತ್ತದೆ. ನಾನು 1 ಕೆ.ಜಿ.ಯದ್ದು ಬಳಸಿದೆ. ವೈಸ್ ಬಿಚ್ಚಿ, ಪ್ಲೇಟ್ ಮೇಲ್ಮುಖವಾಗಿ ಬರುವಂತೆ ಕಲ್ಲಿನ ಮೇಲೆ ಮಲಗಿಸಿದ್ದೆ. ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ, ಉಕ್ಕಿನ ಚೂರು ಹಾರುತ್ತದೆ.

ಮೊದಲ ಸ್ಕ್ರೂ ಐದನೇ ಏಟಿಗೆ 'ಟಕ್' ಅಂತು. ಸ್ಕ್ರೂ ತಲೆಯ ಸುತ್ತ ಕೂದಲೆಳೆಯಷ್ಟು ತೆಳ್ಳಗೆ ಕೆಂಪು ಪುಡಿ ಎದ್ದಿತ್ತು. ಆಮೇಲೆ ಮಾಮೂಲಿ ಸ್ಕ್ರೂಡ್ರೈವರ್‌ಗೇ ಬಂತು. ಎರಡನೆಯದೂ ಮೂರನೆಯದೂ ಹಾಗೇ ಬಂದವು.

ಈಗ ದೂರು. ಜೊತೆಗೆ ಬಂದ ನಾಲ್ಕು ಬಿಟ್‌ಗಳು ಕೆಲಸಕ್ಕೆ ಬಾರವು. ಪ್ಲಸ್ ಬಿಟ್‌ನ ಒಂದು ರೆಕ್ಕೆ ಮೊದಲ ವಾರವೇ ಮುರಿಯಿತು. ಮೈನಸ್ ಬಿಟ್ ಬೆಣೆಯ ಹಾಗೆ ತುದಿಗೆ ತೆಳ್ಳಗಾಗುತ್ತಾ ಹೋಗಿತ್ತು, ಅಂಥದ್ದು ಸೀಳಿನಿಂದ ಮೇಲೇಳದೆ ಇನ್ನೇನು ಮಾಡೀತು? ಒಳ್ಳೆಯ ಉಕ್ಕಿನ ಬಿಟ್ ಬೇರೆ ಕೊಂಡು, ತುದಿಯ ಎರಡೂ ಮುಖ ಸಮಾನಾಂತರ ಆಗುವಂತೆ ಗ್ರೈಂಡರ್‌ನಲ್ಲಿ ಉಜ್ಜಿದೆ. ಸೀಳಿನ ಅಗಲಕ್ಕೂ ದಪ್ಪಕ್ಕೂ ಸರಿಯಾಗಿ, ಅಲ್ಲಾಡದಂತೆ ಕೂರಬೇಕು. ಉಜ್ಜುವಾಗ ಆಗಾಗ ನೀರಿನಲ್ಲಿ ಅದ್ದುತ್ತಿರಿ, ನೀಲಿ ಬಣ್ಣ ಬಂತು ಅಂದರೆ ಉಕ್ಕಿನ ಹದ ಹೋಯಿತು. ಡ್ರೈವರ್‌ಗಿಂತ ಈ ಬಿಟ್‌ಗೇ ಜಾಸ್ತಿ ಗಮನ ಕೊಡಿ ಅನ್ನುತ್ತೇನೆ.

ನಾಲ್ಕನೆಯದು, ಆ ಅಂಚು ಕಿತ್ತ ಸ್ಕ್ರೂ, ಇದಕ್ಕೂ ಬಗ್ಗಲಿಲ್ಲ. ಹ್ಯಾಕ್ಸಾ ಬ್ಲೇಡಿನಿಂದ ಸೀಳನ್ನು ಆಳ ಮಾಡಿ ಇನ್ನೊಮ್ಮೆ ಹೊಡೆದೆ, ಆಗಲಿಲ್ಲ. ಕೊನೆಗೆ ಸ್ಕ್ರೂನ ಕಾಂಡಕ್ಕಿಂತ ಒಂಚೂರು ದಪ್ಪದ ಡ್ರಿಲ್‌ನಿಂದ ತಲೆ ಮಾತ್ರ ಕೊರೆದು ತೆಗೆದೆ. ಪ್ಲೇಟ್ ಕಳಚಿ ಕೈಗೆ ಬಂತು, ಸ್ಕ್ರೂನ ಮೋಟು ಹೊರಗೆ ನಿಂತಿತ್ತು. ತಲೆ ಹೋದರೆ ಎಳೆತವೂ ಹೋಗುತ್ತದೆ ಅಲ್ವಾ, ಗ್ರಿಪ್ ಪ್ಲೈಯರ್‌ನಲ್ಲಿ ಹಿಡಿದು ತಿರುಗಿಸಿದರೆ ಸಲೀಸಾಗಿ ಬಂತು.

ಮರ ಹೆರೆಯುವ ಹಳೆಯ ಹತ್ತರಿಯ ಮೇಲೆ, ಹಿತ್ತಾಳೆ ಸ್ಕ್ರೂ ಮೇಲೆ ಇದನ್ನು ಬಳಸಲೇಬೇಡಿ. ಹತ್ತರಿಯ ತೆಳ್ಳಗಿನ ಬೀಡು ಕಬ್ಬಿಣ ಏಟಿಗೆ ಸೀಳುತ್ತದೆ, ಹಿತ್ತಾಳೆ ಮುರಿಯುತ್ತದೆ. ಅಲ್ಲಿಗೆ ಎಣ್ಣೆ, ಸ್ವಲ್ಪ ಬಿಸಿ, ತಾಳ್ಮೆ. ವೈಸ್, ಗ್ರೈಂಡರ್, ಲೇತ್‌ನಂಥ ದಪ್ಪ ಮೈಯವುಗಳಿಗೆ ಮಾತ್ರ ಇದು. ಅಂಥ ಕೆಲಸ ವರ್ಷಕ್ಕೆ ಎರಡು ಸಲ ಬಂದರೂ 650 ರೂಪಾಯಿ ದುಬಾರಿಯಲ್ಲ.

ಹೊಸ ಪ್ಲೇಟುಗಳನ್ನು ಅಲೆನ್ ಸ್ಕ್ರೂನಲ್ಲಿ (ತಲೆಯಲ್ಲಿ ಆರು ಮೂಲೆಯ ಗುಳಿ ಇರುವಂಥದ್ದು) ಕೂರಿಸಿದೆ, ಥ್ರೆಡ್‌ಗೆ ಗ್ರೀಸ್ ಹಚ್ಚಿ. ಅಪ್ಪ ಬಂದು ಹಿಡಿ ತಿರುಗಿಸಿ, ಒಂದು ಪೋಸ್ಟ್‌ಕಾರ್ಡ್ ಕಚ್ಚಿಸಿ ಎಳೆದು ನೋಡಿದರು. "ಹಿಡೀತದೆ ಕಣೋ," ಅಂದರು. ಮರುದಿನ ಮನೆಯ ಕತ್ತಿಗಳನ್ನೆಲ್ಲ ಅರ ಹಾಕಿ ಹರಿತ ಮಾಡಲು ಅಲ್ಲೇ ಕೂತಿದ್ದರು.