ಟೈಮ್‌ಶಿಫ್ಟ್: ಉಳಿದದ್ದೆಲ್ಲ ಚಲೋ, ಆ /ಬೂಟ್ ಒಂದೇ ಕಿರಿಕಿರಿ

ಸಿಸ್ಟಮ್ ಆ ಹೊತ್ತಿಗೆ ಹೇಗಿತ್ತೋ ಹಾಗೇ ಹಿಡಿದಿಟ್ಟು (ಅದೇ ಸ್ನ್ಯಾಪ್‌ಶಾಟ್), ಕೆಟ್ಟಾಗ ಅಲ್ಲಿಗೇ ವಾಪಸ್ ಒಯ್ಯುವ ಸಾಫ್ಟ್‌ವೇರ್ ಟೈಮ್‌ಶಿಫ್ಟ್. ಗಂಗಾವತಿಯ ಡಿಟಿಪಿ ಅಂಗಡಿಯೊಂದರ ಎರಡು ಲಿನಕ್ಸ್ ಮಿಂಟ್ ಡೆಸ್ಕ್‌ಟಾಪ್‌ಗಳಲ್ಲಿ, ಬಿಟಿಆರ್‌ಎಫ್‌ಎಸ್ (ಸ್ನ್ಯಾಪ್‌ಶಾಟನ್ನು ತಾನೇ ತೆಗೆಯಬಲ್ಲ ಫೈಲ್ ಸಿಸ್ಟಮ್) ಮೋಡಿನಲ್ಲಿ ಬಳಸಿ ಬರೆದದ್ದು. ಸಾಫ್ಟ್‌ವೇರ್ ಪುಕ್ಕಟೆ, ಮಿಂಟ್ ಜೊತೆಗೇ ಬರುತ್ತೆ.

ರೂಢಿ ಇಷ್ಟೇ: ಅಪ್‌ಡೇಟ್‌ಗೂ ಮುಂಚೆ ಕ್ರಿಯೇಟ್ ಒತ್ತಬೇಕು, ಕಾಮೆಂಟ್ ಕಾಲಮ್ಮಿನಲ್ಲಿ ‘ಪ್ರಿಂಟರ್ ಡ್ರೈವರ್ ಹಾಕೋ ಮುಂಚೆ’ ಅಂತ ಒಂದು ಸಾಲು ಹಾಕಬೇಕು. ಒಂದೆರಡು ಸೆಕೆಂಡಿನ ಕೆಲಸ. ಕಾಮೆಂಟ್ ಇಲ್ಲದಿದ್ದರೆ ತಿಂಗಳಾದ ಮೇಲೆ ಬರೀ ತಾರೀಖು ನೋಡುತ್ತ ಕೂರಬೇಕು. ಇನ್ನೊಂದು ಬಗೆಯಾದ ಆರ್‌ಸಿಂಕ್ ಮೋಡಿನಲ್ಲಾದರೆ ಮೊದಲ ಸ್ನ್ಯಾಪ್‌ಶಾಟ್ ಇಡೀ ಸಿಸ್ಟಮ್ಮನ್ನೇ ನಕಲು ಮಾಡುತ್ತೆ. ಹಳೇ ಹಾರ್ಡ್‌ಡಿಸ್ಕ್ ಆದರೆ ಒಗ್ಗರಣಿ-ಮಿರ್ಚಿ ತಿಂದು ಬಂದರೂ ಮುಗಿದಿರಲ್ಲ.

ನಿಜವಾದ ಖುಷಿ ಗ್ರಬ್-ಬಿಟಿಆರ್‌ಎಫ್‌ಎಸ್ ಅನ್ನೋ ಪ್ರೋಗ್ರಾಂ ಹಾಕಿದ ಮೇಲೆ (ಗ್ರಬ್ ಅಂದರೆ ಕಂಪ್ಯೂಟರ್ ಶುರುವಾಗುವಾಗ ಬೂಟ್ ಮೆನು ತೋರಿಸುವಂಥದ್ದು). ಸ್ನ್ಯಾಪ್‌ಶಾಟ್‌ಗಳು ಬೂಟ್ ಮೆನುವಿನಲ್ಲೇ ಕಾಣುತ್ತವೆ. ಅದರ ಸರ್ವಿಸ್ ಫೈಲಿನಲ್ಲಿ ‘/.ಸ್ನ್ಯಾಪ್‌ಶಾಟ್ಸ್’ ತೆಗೆದು ‘--ಟೈಮ್‌ಶಿಫ್ಟ್-ಆಟೋ’ ಹಾಕದಿದ್ದರೆ ಹೊಸ ಸ್ನ್ಯಾಪ್‌ಶಾಟ್‌ಗಳು ತಾವಾಗಿ ಮೆನುಗೆ ಸೇರುವುದಿಲ್ಲ. ಅಪ್‌ಡೇಟ್ ನಡುವೆ ಕರೆಂಟ್ ಹೋಗಿ ಪ್ಯಾಕೇಜುಗಳು ಅರ್ಧಕ್ಕೇ ನಿಂತರೆ ಹಳೇ ಸ್ನ್ಯಾಪ್‌ಶಾಟಿಗೆ ಬೂಟ್ ಆಗಿ, ಒಳಗಿಂದಲೇ ರೀಸ್ಟೋರ್ ಕೊಟ್ಟು ರೀಬೂಟ್ ಮಾಡಿದರೆ ಆಯಿತು. ಸ್ನ್ಯಾಪ್‌ಶಾಟಿಗೆ @ಹೋಮ್ (ನಮ್ಮ ಸ್ವಂತ ಫೈಲುಗಳಿರುವ ಭಾಗ) ಸೇರಿಸದೇ ಇದ್ದರೆ ನಿನ್ನೆ ಮಾಡಿದ ಲಗ್ನಪತ್ರಿಕೆ ಫೈಲುಗಳು ಇದ್ದ ಹಾಗೇ ಇರುತ್ತವೆ. (ಇದು ಬ್ಯಾಕಪ್ ಅಲ್ಲ, ಡಿಸ್ಕ್ ಸತ್ತರೆ ಸ್ನ್ಯಾಪ್‌ಶಾಟೂ ಸತ್ತಂತೆ.)

ಎರಡನೇ ಮಷಿನ್ನಿನಲ್ಲಿ ಮಾತ್ರ ತಲೆನೋವು. ಅಲ್ಲಿ /ಬೂಟ್ (ಸಿಸ್ಟಮ್ ಶುರು ಮಾಡುವ ಫೈಲುಗಳ ಫೋಲ್ಡರ್) ಬೇರೆ ಪಾರ್ಟಿಷನ್, ಅದೂ ಬಿಟಿಆರ್‌ಎಫ್‌ಎಸ್ ಅಲ್ಲದ ಎಕ್ಸ್ಟ್4. ಸ್ನ್ಯಾಪ್‌ಶಾಟ್ ಅದನ್ನು ಮುಟ್ಟುವುದೇ ಇಲ್ಲ. ಕರ್ನಲ್ (ಸಿಸ್ಟಮ್ಮಿನ ತಿರುಳು) ಅಪ್‌ಡೇಟ್ ಆದ ಮೇಲೆ ರೀಸ್ಟೋರ್ ಮಾಡಿದರೆ ಕರ್ನಲ್ ಹೊಸದು, ಅದರ ಜೊತೆ ಕೆಲಸ ಮಾಡುವ ಡ್ರೈವರ್ ತುಣುಕುಗಳು, ಅಂದರೆ ಮಾಡ್ಯೂಲುಗಳು, ಹಳೇವು. ಲಾಗಿನ್ ಪರದೆ ಬಂದರೂ ವೈಫೈ ಇಲ್ಲ, ಸೌಂಡ್ ಇಲ್ಲ. ರೀಸ್ಟೋರೇ ಕೆಟ್ಟಿದೆ ಅಂದುಕೊಂಡು ಮತ್ತೆ ಮತ್ತೆ ಮಾಡಿದರೂ ಅದೇ ಗತಿ. ಟೈಮ್‌ಶಿಫ್ಟ್ ಒಂದು ಎಚ್ಚರಿಕೆಯನ್ನಾದರೂ ಕೊಡಬಾರದೇ?

ದಾರಿ ಇದೆ: ಗ್ರಬ್ಬಿನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ ಆರಿಸಿ ಬೂಟ್ ಮಾಡಿ. ಆಮೇಲೆ /ಬೂಟ್‌ನಲ್ಲಿ ಉಳಿದ ಹೊಸ ಕರ್ನಲ್ಲಿನ ವಿಎಂಲಿನಸ್, ಇನಿಟ್‌ಆರ್‌ಡಿ ಫೈಲುಗಳನ್ನು ಕೈಯಾರೆ ಅಳಿಸಿ ಗ್ರಬ್ ಅಪ್‌ಡೇಟ್ ಮಾಡಬೇಕು. ಹಿಂದಕ್ಕೆ ಹೋದ ಪ್ಯಾಕೇಜ್ ಪಟ್ಟಿಗೆ ಅವುಗಳ ಸುದ್ದಿಯೇ ಇರಲ್ಲ. ಹೊಸದಾಗಿ ಇನ್‌ಸ್ಟಾಲ್ ಮಾಡುವವರು /ಬೂಟ್ ಬೇರೆ ಮಾಡಲೇಬೇಡಿ.

ಜಾಗದ ಲೆಕ್ಕವೂ ಹಾಗೇ: ದೊಡ್ಡ ಪ್ಯಾಕೇಜ್ ತೆಗೆದುಹಾಕಿದರೂ ಹಳೇ ಸ್ನ್ಯಾಪ್‌ಶಾಟ್ ಅಳಿಸುವ ತನಕ ಡಿಸ್ಕ್ ಖಾಲಿ ಆಗಲ್ಲ. ದಿನದ್ದು ಮೂರು, ವಾರದ್ದು ಎರಡು ಸಾಕು.

ಗ್ರಬ್ಬೇ ಕೆಟ್ಟರೆ ನೇರವಾಗಿ ಮಿಂಟ್ ಶುರು ಮಾಡುವ ಲೈವ್ ಪೆನ್‌ಡ್ರೈವ್ ಬೇಕೇ ಬೇಕು, 8 ಜಿಬಿ ಸಾಕು. ಅದರ ಮೇಲೆ ‘ಮಿಂಟ್’ ಅಂತ ಬರೆದಿಡಿ. ಇಲ್ಲದಿದ್ದರೆ ಅಂಗಡಿಯಲ್ಲಿ ಯಾರಾದರೂ ಗಿರಾಕಿಯ ಫೋಟೋ ಹಾಕಿಕೊಡಲು ಫಾರ್ಮ್ಯಾಟ್ ಮಾಡಿಬಿಡುತ್ತಾರೆ.