ಬದಿಯಡ್ಕ ಸೀಮೆಯ ಆರೋಗ್ಯ ಮಾಹಿತಿ ಗ್ರಂಥಾಲಯ: ಹಾಳೆಗೆ ಪೂರ್ಣ ಅಂಕ, ಬೀರುವಿಗೆ ಅರ್ಧ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸೀಮೆಯ ಒಂದು ಹಳೆಯ ವಾಚನಾಲಯ ತನ್ನ ಹಿಂದಿನ ಕೋಣೆಯನ್ನು ಆರೋಗ್ಯ ಮಾಹಿತಿಗೆಂದೇ ಬಿಟ್ಟುಕೊಟ್ಟಿದೆ. ಎರಡು ಕಬ್ಬಿಣದ ಬೀರು, ಗೋಡೆಗೆ ಹೊಡೆದ ಹಾಳೆಗೂಡುಗಳು, ಒಂದು ಮೇಜು, ಒಂದು ಪ್ರಶ್ನೆಪುಸ್ತಕ. ಸದಸ್ಯತ್ವ ಬೇಕಿಲ್ಲ, ಯಾರು ಬೇಕಾದರೂ ಹೋಗಿ ಓದಬಹುದು.

ಇಲ್ಲಿಯ ಸತ್ವ ಇರುವುದು ಹಾಳೆಗೂಡುಗಳಲ್ಲಿ. ವಿಷಯಕ್ಕೊಂದೇ ಹಾಳೆ, ಎ4 ಅಳತೆ, ಚಾಳೀಸು ಮರೆತು ಬಂದವರೂ ಓದಬಲ್ಲ 16 ಪಾಯಿಂಟಿನ ಅಕ್ಷರ. ಕೆಳಗಿನ ಮೂಲೆಯಲ್ಲಿ ಎರಡು ದಿನಾಂಕ: ಬರೆದದ್ದು ಯಾವಾಗ, ಮತ್ತೆ ಪರಿಶೀಲಿಸಬೇಕಾದ್ದು ಯಾವಾಗ. ಎರಡನೆಯ ದಿನಾಂಕ ದಾಟಿದ ಹಾಳೆ ಗೂಡಿನಿಂದ ಹೊರಗೆ. ಬಹಳ ಕಡೆ ಈ ಕೆಲಸವೇ ಆಗುವುದಿಲ್ಲ. ಉದ್ಘಾಟನೆಯ ದಿನ ತುಂಬಿಸಿದ ಕಪಾಟು ಹತ್ತು ವರ್ಷ ಹಾಗೇ ನಿಂತಿರುತ್ತದೆ.

ಕಾಸರಗೋಡಿನ ಕನ್ನಡಿಗರಿಗೆ ಆರೋಗ್ಯದ ಕರಪತ್ರ ಎರಡು ದಿಕ್ಕಿನಿಂದ ಬರುತ್ತದೆ. ತಿರುವನಂತಪುರದಿಂದ ಬಂದದ್ದು ಮಲಯಾಳದಲ್ಲಿ, ತಲಪಾಡಿ ಗಡಿಯ ಆಚೆಯಿಂದ ಬಂದದ್ದು ಕನ್ನಡದಲ್ಲಿ. ಕನ್ನಡದಲ್ಲಿದೆಯಲ್ಲ ಎಂದು ಎರಡನೆಯದನ್ನು ಇದ್ದ ಹಾಗೆ ಹಂಚಿದರೆ ಕೆಟ್ಟಿತು. ರೋಗದ ಲಕ್ಷಣ ಎರಡೂ ಕಡೆ ಒಂದೇ, ಆದರೆ ಎಲ್ಲಿ ಹೋಗಬೇಕು, ಯಾರಿಗೆ ಫೋನ್ ಮಾಡಬೇಕು ಎಂಬ ಕೊನೆಯ ಪ್ಯಾರಾ ಕರ್ನಾಟಕದ್ದು. ಇಲ್ಲಿಯವರಿಗೆ ಬೇಕಾದ್ದು ಕೇರಳದ ಚಿಕಿತ್ಸಾ ನೆರವಿನ ಯೋಜನೆಯಾದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ, ದಿಶಾ ಸಹಾಯವಾಣಿಯ 1056, ಹತ್ತಿರದ ಕುಟುಂಬಾರೋಗ್ಯ ಕೇಂದ್ರ. ಗ್ರಂಥಾಲಯದವರು ಆ ಪ್ಯಾರಾದ ಮೇಲೆ ಬಿಳಿ ಕಾಗದ ಅಂಟಿಸಿ ಇಲ್ಲಿಯ ವಿವರ ಬರೆದಿದ್ದಾರೆ. ನೋಡಲು ತೇಪೆ ಹಾಕಿದ ಹಾಗಿದೆ, ಇರಲಿ. ರೋಗದ ಹೆಸರನ್ನು ಎರಡೂ ಬಗೆಯಲ್ಲಿ, ಕನ್ನಡ ಲಿಪಿಯಲ್ಲೇ ಕೊಟ್ಟಿದ್ದಾರೆ: ಇಲಿಜ್ವರದ ಪಕ್ಕ ಎಲಿಪ್ಪನಿ, ಕಾಮಾಲೆಯ ಪಕ್ಕ ಮಞ್ಞಪ್ಪಿತ್ತಂ. ಆಸ್ಪತ್ರೆಯಲ್ಲಿ ನರ್ಸ್ ಹೇಳುವುದು ಆ ಎರಡನೆಯ ಹೆಸರನ್ನೇ ತಾನೆ.

ಜೋಡಣೆಯೂ ಬುದ್ಧಿವಂತಿಕೆಯದು. ಗ್ರಂಥಾಲಯಗಳು ಪುಸ್ತಕಗಳನ್ನು ಅಂಕೆ ಕೊಟ್ಟು ವಿಂಗಡಿಸುವ ಡ್ಯೂಯಿ ಕ್ರಮದಲ್ಲಿ ಇಟ್ಟಿದ್ದರೆ ಸಕ್ಕರೆ ಕಾಯಿಲೆ 616ರಲ್ಲಿ, ಆಹಾರಪಥ್ಯ 613ರಲ್ಲಿ, ಮಕ್ಕಳ ಕಾಯಿಲೆ 618ರಲ್ಲಿ ಚದರಿಹೋಗುತ್ತಿತ್ತು. ಇಲ್ಲಿ ಮಗು, ಬಾಣಂತಿ, ಶುಗರು–ಬಿಪಿ, ಜ್ವರ, ಕಚ್ಚಿದ್ದು–ಕುಟುಕಿದ್ದು, ಮನಸ್ಸು, ಕಾಗದಪತ್ರ ಎಂದು ಬಣ್ಣದ ಪಟ್ಟಿ ಹಚ್ಚಿದ ಗೂಡುಗಳು. ಈ ವಿಂಗಡಣೆ ತಲೆಯಿಂದ ಬಂದದ್ದಲ್ಲ. ಪುಸ್ತಕ ಕೊಳ್ಳುವ ಮೊದಲು ಅಂಗನವಾಡಿ, ಹಾಲಿನ ಸೊಸೈಟಿ, ಕುಟುಂಬಶ್ರೀ ಮಹಿಳಾ ಸಂಘಗಳ ಸಭೆಗಳಲ್ಲಿ ಜನ ಏನು ಕೇಳುತ್ತಾರೆಂದು ಬರೆದುಕೊಂಡು ಮಾಡಿದ್ದು.

ಕಾಗದಪತ್ರದ ಗೂಡನ್ನು ನೋಡಲೇಬೇಕು. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಪ್ರದೇಶ ಇದು. ಸಿಂಪಡಣೆ ನಿಂತದ್ದು 2000ದಲ್ಲಿ, ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ, ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಿ ಎಂಬ ಆದೇಶ 2017ರಲ್ಲಿ. ಹಾಳೆಯಲ್ಲಿ ಈ ಇತಿಹಾಸ ಮೂರೇ ಸಾಲು. ಉಳಿದದ್ದೆಲ್ಲ ಸ್ನೇಹಸಾಂತ್ವನಂ, ಆಶ್ವಾಸಕಿರಣಂ ಎಂಬ ಸರ್ಕಾರಿ ನೆರವಿನ ಯೋಜನೆಗಳ ಅರ್ಜಿಗಳಿಗೆ ಯಾವ ಕಾಗದ ಬೇಕು ಎಂಬ ಪಟ್ಟಿ. ಮನೆಯಲ್ಲಿ ಮಲಗಿದ ಮಗುವಿರುವ ತಾಯಿಗೆ ಬೇಕಾದ್ದು ಅದೇ.

ತಪ್ಪುಗಳೂ ಇವೆ. ಒಂದಂತೂ ಅಪಾಯದ್ದು. ಭೇದಿಯ ಹಾಳೆಯಲ್ಲಿ ಓಆರ್‌ಎಸ್ ಪೊಟ್ಟಣದ ಚಿತ್ರ, ಅದರ ಪಕ್ಕ ಒಂದು ಲೋಟ, ಕೆಳಗೆ ‘ಪೂರ್ತಿ ಪೊಟ್ಟಣ ಕಲಸಿ’. ಅಂಗಡಿಯಲ್ಲಿ ಎರಡು ಅಳತೆಯ ಪೊಟ್ಟಣ ಸಿಗುತ್ತದೆ, 200 ಮಿಲಿ ನೀರಿನದ್ದು ಮತ್ತು 1 ಲೀಟರಿನದ್ದು. ದೊಡ್ಡದನ್ನು ಒಂದು ಲೋಟಕ್ಕೆ ಹಾಕಿದರೆ ಉಪ್ಪು ಐದು ಪಟ್ಟು. ಮಗುವಿನ ರಕ್ತದಲ್ಲಿ ಸೋಡಿಯಂ ಏರುತ್ತದೆ. ಚಿಕ್ಕದನ್ನು ಲೀಟರಿಗೆ ಹಾಕಿದರೆ ಬರೀ ನೀರು ಕುಡಿಸಿದ ಹಾಗೆ. ದೊಡ್ಡ ಪೊಟ್ಟಣದ ಪಕ್ಕ 1 ಲೀಟರಿನ ನೀರಿನ ಬಾಟಲಿ, ಚಿಕ್ಕದರ ಪಕ್ಕ 200 ಮಿಲಿಯ ಲೋಟ ಎಂದು ಬೇರೆಬೇರೆ ಚಿತ್ರ ಹಾಕಬೇಕು, ‘ಪೊಟ್ಟಣದ ಮೇಲಿನ ಅಳತೆ ಓದಿ’ ಎಂದು ದಪ್ಪಕ್ಷರದಲ್ಲಿ ಬರೆಯಬೇಕು. ಕಲಸಿದ್ದು 24 ಗಂಟೆಯೊಳಗೆ ಮುಗಿಯಬೇಕು ಎಂಬುದೂ ಬಿಟ್ಟುಹೋಗಿದೆ. ಸತುವಿನ ಮಾತ್ರೆ 14 ದಿನ ಎಂದು ಬರೆದದ್ದು ಸರಿ. ಭೇದಿ ನಿಂತಿತೆಂದು ಮೂರನೇ ದಿನಕ್ಕೇ ಬಿಡುವವರೇ ಹೆಚ್ಚು.

ಬೀರುಗಳ ಕಥೆ ಬೇರೆ. ದಾನವಾಗಿ ಬಂದ ಪುಸ್ತಕಗಳನ್ನು ಬೇಡ ಎನ್ನಲು ದಾಕ್ಷಿಣ್ಯ, ಆದ್ದರಿಂದ ಎಲ್ಲವೂ ಒಳಗೆ ಸೇರಿವೆ. ಹಳೆಯದನ್ನು ಹೆಕ್ಕಲು ಇಡೀ ಪುಸ್ತಕ ಓದಬೇಕಿಲ್ಲ, ನಾಲ್ಕು ಪುಟ ತಿರುವಿದರೆ ಸಾಕು. ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಚುಚ್ಚುಮದ್ದು ಎಂದಿದ್ದರೆ ತೆಗೆಯಿರಿ. ಆ ಲಸಿಕೆ ದೇಶದಲ್ಲಿ ನಿಂತದ್ದು 2004ರ ಕೊನೆಗೆ. ಕ್ಷಯಕ್ಕೆ ವಾರಕ್ಕೆ ಮೂರು ದಿನ ಮಾತ್ರೆ ಎಂದಿದ್ದರೆ 2017ಕ್ಕಿಂತ ಹಿಂದಿನದು, ಈಗ ದಿನಾ. ಓಆರ್‌ಎಸ್‌ಗೆ ಲೀಟರಿಗೆ 3.5 ಗ್ರಾಂ ಉಪ್ಪು, 20 ಗ್ರಾಂ ಗ್ಲೂಕೋಸ್ ಎಂದಿದ್ದರೆ 2002ರಲ್ಲಿ ಬದಲಾದ ಸೂತ್ರ, ಈಗಿನದು 2.6 ಮತ್ತು 13.5. ಹಾವು ಕಚ್ಚಿದಲ್ಲಿ ಕೊಯ್ದು ರಕ್ತ ಹೀರಿ, ಬಿಗಿದು ಕಟ್ಟಿ ಎಂದಿದ್ದರೆ ಆ ಪುಸ್ತಕ ಗುಜರಿಗೂ ಬೇಡ, ಒಲೆಗೆ.

ಮಳೆಗಾಲದ ಸಿದ್ಧತೆ ಸಾಲದು. ಕೆಂಪುಕಲ್ಲಿನ ಗೋಡೆಗೆ ಬೀರು ತಾಗಿಸಿ ನಿಲ್ಲಿಸಿದ್ದಾರೆ. ಜೂನ್ ಕಳೆಯುವಷ್ಟರಲ್ಲಿ ಹಿಂದಿನ ಸಾಲಿಗೆ ಬೂಸರು ಗ್ಯಾರಂಟಿ. ಗೋಡೆಯಿಂದ ಅರ್ಧ ಅಡಿ ಬಿಟ್ಟು, ಕಾಲಿನ ಕೆಳಗೆ ಇಟ್ಟಿಗೆ ಕೊಟ್ಟು, ಬಿಸಿಲು ಬಿದ್ದ ದಿನ ಬಾಗಿಲು ತೆರೆದಿಟ್ಟರೆ ಅಷ್ಟೇ ಸಾಕಿತ್ತು.

ಪ್ರಶ್ನೆಪುಸ್ತಕದಲ್ಲಿ ಕೇಳಿದವರ ಹೆಸರಿಲ್ಲ. ದಿನಾಂಕ, ಪ್ರಶ್ನೆ, ಕೊಟ್ಟ ಹಾಳೆ, ಕಳಿಸಿದ ಜಾಗ ಇಷ್ಟೇ. ಗ್ರಂಥಪಾಲಕರು ಮದ್ದು ಹೇಳುವುದಿಲ್ಲ, ಹಾಳೆ ಕೊಟ್ಟು ಆಶಾ ಕಾರ್ಯಕರ್ತೆಯ ಕಡೆಗೆ ದಾರಿ ತೋರಿಸುತ್ತಾರೆ. ನಿಯಮ ಒಳ್ಳೆಯದು, ಮೇಜಿನ ಜಾಗ ಒಳ್ಳೆಯದಲ್ಲ. ಪೇಪರು ಓದುವವರ ಕಿವಿಗೆ ಬೀಳುವಷ್ಟು ಹತ್ತಿರ ಕೂತು ಬಿಳಿಸೆರಗಿನ ಬಗ್ಗೆ ಯಾವ ಹೆಂಗಸು ಕೇಳಿಯಾಳು? ಸಮಯವೂ ಸಂಜೆ ನಾಲ್ಕರಿಂದ ಏಳು, ಹೆಂಗಸರಿಗೆ ಮನೆಯಲ್ಲಿ ಕೈ ಬಿಡುವಿಲ್ಲದ ಹೊತ್ತು. ಆರೋಗ್ಯ ಕೇಂದ್ರದಲ್ಲಿ ಶುಗರು–ಬಿಪಿ ಕ್ಲಿನಿಕ್ ಇರುವ ದಿನ ಬೆಳಿಗ್ಗೆ ಎರಡು ಗಂಟೆ ತೆರೆದರೆ ಬರುವವರು ಬೇರೆಯೇ ಆಗುತ್ತಾರೆ.

ಐದಕ್ಕೆ ಮೂರೂವರೆ ಕೊಡಬಹುದು. ಹಾಳೆಯನ್ನು ಮನೆಗೆ ಒಯ್ಯಲು ಬಿಡುತ್ತಾರೆ. ಭೇದಿಯದ್ದನ್ನು ಮಾತ್ರ, ತಿದ್ದುವ ತನಕ, ಒಯ್ಯಬೇಡಿ.