ಮಾಡೆಲ್ ಎ ತಗೊಳ್ಳೋದಾ, ಟ್ರಾಕ್ಷನ್ ಅವಾಂ ತಗೊಳ್ಳೋದಾ? ಓಡಿಸಲು ಹಳೆಯ ಕಾರು ಹುಡುಕುವವರಿಗೆ

1939ಕ್ಕೆ ಮುಂಚಿನ ಕಾರನ್ನು ಒರೆಸಿ ನಿಲ್ಲಿಸುವುದು ಬೇರೆ, ದಿನವಿಡೀ ಓಡಿಸುವುದು ಬೇರೆ. ನನಗೆ ಬೇಕಿದ್ದದ್ದು ಎರಡನೆಯದು. ಬೆಳಿಗ್ಗೆ ಹೊರಟು ಸಂಜೆ ಇಳಿದಾಗ ಸೊಂಟ ಹಿಡಿದಿರಬಾರದು, ದಾರಿಯುದ್ದಕ್ಕೂ ಎದೆ ಡವಡವ ಅನ್ನಬಾರದು. ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಎರಡು ಕಾರು ಕೊಂಡು, ಸರಿ ಮಾಡಿಸಿ, ಓಡಿಸಿದ್ದೇನೆ. ಒಂದು 1930ರ ಫೋರ್ಡ್ ಮಾಡೆಲ್ ಎ. ಇನ್ನೊಂದು 1938ರ ಸಿಟ್ರೋಯೆನ್ ಟ್ರಾಕ್ಷನ್ ಅವಾಂ, ಅದರಲ್ಲಿ 11 ಲೆಜೇರ್ ಅನ್ನುವ ಮಾದರಿ. ಗೆಳೆಯರೊಬ್ಬರ ಆಸ್ಟಿನ್ ಸೆವೆನ್ ಅನ್ನುವ ಪುಟ್ಟ ಬ್ರಿಟಿಷ್ ಕಾರು ಕೂಡ ಆಗಾಗ ನನ್ನ ಕೈಗೆ ಬರುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ಇಂಥ ಕಾರಿನಲ್ಲಿ ಆರಾಮ ಅನ್ನುವುದು ಸೀಟಿನ ಚರ್ಮದಿಂದ ಬರುವುದಿಲ್ಲ. ಬ್ರೇಕು, ಗೇರಿನ ಅನುಪಾತ, ಸ್ಪ್ರಿಂಗು, ಈ ಮೂರರಿಂದ ಬರುತ್ತದೆ. ಈ ಮೂರೂ ಕಾರಿನ ಜೊತೆಗೇ ಹುಟ್ಟಿದವು. ರಿಪೇರಿಯಲ್ಲಿ ಇವನ್ನು ಹೊಸದರಂತೆ ಮಾಡಬಹುದು, ಆದರೆ ಬೇರೆ ಜಾತಿಯವನ್ನಾಗಿ ಮಾಡುವುದು ಕಷ್ಟ. ಹಾಗಾಗಿ ಕೊಳ್ಳುವಾಗಲೇ ಅರ್ಧ ತೀರ್ಮಾನ ಆಗಿರುತ್ತದೆ.

ಆಸ್ಟಿನ್ ಸೆವೆನ್ ವಿಷಯ ಬೇಗ ಮುಗಿಸುತ್ತೇನೆ. 747 ಸಿಸಿ ಎಂಜಿನ್, 1.9 ಮೀಟರ್ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ). ಒಬ್ಬರೇ ತಳ್ಳಿ ಶೆಡ್ಡಿಗೆ ಸೇರಿಸಬಹುದು. ಕ್ಲಚ್ ಪೆಡಲ್ ಕೂದಲೆಳೆಯಷ್ಟೇ ಚಲಿಸುತ್ತದೆ, ಆ ಅಂತರದೊಳಗೆ ಒಂದೋ ಬಿಟ್ಟಿರುತ್ತದೆ, ಇಲ್ಲವೇ ಹಿಡಿದಿರುತ್ತದೆ. 1930ರವರೆಗಿನ ಕಾರುಗಳಲ್ಲಿ ಕಾಲಿನ ಬ್ರೇಕು ಹಿಂದಿನ ಚಕ್ರಕ್ಕೆ, ಕೈ ಬ್ರೇಕು ಮುಂದಿನ ಚಕ್ರಕ್ಕೆ. ಸಣ್ಣ ರಸ್ತೆಯಲ್ಲಿ ಅರ್ಧ ದಿನ ಸುತ್ತಾಡಲು ಇದರಷ್ಟು ಖುಷಿ ಕೊಡುವ ಕಾರು ನಾನು ಕಂಡಿಲ್ಲ. ದೂರದ ಪ್ರಯಾಣಕ್ಕೆ ಮಾತ್ರ ಬೇಡ. ಹಿಂದೆ ಲಾರಿ ಬಂದು ನಿಂತರೆ ಕಾರು ಅದರ ಬಂಪರಿಗಿಂತ ಸ್ವಲ್ಪವೇ ಎತ್ತರ.

ಈಗ ಮಾಡೆಲ್ ಎ. 1927ರ ಕೊನೆಯಿಂದ 1931ರ ತನಕ 48 ಲಕ್ಷಕ್ಕೂ ಜಾಸ್ತಿ ತಯಾರಾದ ಕಾರು. 3.3 ಲೀಟರ್ ಎಂಜಿನ್, 40 ಅಶ್ವಶಕ್ತಿ, ಅದೂ ಬರೀ 2200 ಆರ್‌ಪಿಎಂನಲ್ಲಿ. ಇದನ್ನು ಸ್ಟಾರ್ಟ್ ಮಾಡುವುದಕ್ಕೇ ಒಂದು ಕ್ರಮ ಇದೆ. ಪೆಟ್ರೋಲ್ ಬಿಡುವ ನಲ್ಲಿಯನ್ನು ತಿರುಗಿಸಬೇಕು. ಸ್ಟೀರಿಂಗಿನ ಎಡಗಡೆಯ ಸಣ್ಣ ಲಿವರ್ ಪೂರ್ತಿ ಮೇಲಕ್ಕೆ, ಅಂದರೆ ಸ್ಪಾರ್ಕ್ ತಡವಾಗಿ ಬರುವಂತೆ. ಬಲಗಡೆಯ ಲಿವರ್ ಒಂದೆರಡು ಹಲ್ಲು ಕೆಳಕ್ಕೆ, ಅದು ಆಕ್ಸಿಲರೇಟರ್. ಚೋಕ್ ಎಳೆದು, ನೆಲದ ಗುಂಡಿಯನ್ನು ಕಾಲಿನಿಂದ ಒತ್ತಬೇಕು. ಎಂಜಿನ್ ಹಿಡಿದ ತಕ್ಷಣ ಎಡಗಡೆಯ ಲಿವರ್ ಕೆಳಕ್ಕೆ. ಸ್ವಲ್ಪ ದಿನದಲ್ಲಿ ಕೈ ತಾನೇ ಕಲಿಯುತ್ತದೆ. ಸ್ಪಾರ್ಕ್ ಮೇಲೆ ಬಿಟ್ಟು ಮೊದಲಬಾರಿಗೆ ಓಡಿಸಿದಾಗ ಎಂಜಿನ್ ಮಂಕಾಗಿ, ಬಿಸಿಯಾಗಿ ಓಡುತ್ತದೆ. ಕೆಳಗೆ ಎಳೆದರೆ ಅದೇ ಎಂಜಿನ್ ಚುರುಕಾಗುತ್ತದೆ. ಈ ವ್ಯತ್ಯಾಸ ಕೈಬೆರಳಿಗೇ ಗೊತ್ತಾಗುವುದು ಈ ಕಾರಿನ ದೊಡ್ಡ ಸಂತೋಷ.

ಎಂಜಿನ್ನಿಗೆ ಕಡಿಮೆ ವೇಗದಲ್ಲೇ ಜೋರು ಇರುವುದರಿಂದ ಟಾಪ್ ಗೇರಿನಲ್ಲಿ ನಡೆಯುವ ವೇಗದವರೆಗೂ ಇಳಿಯಬಹುದು, ಏರಿನಲ್ಲೂ ಗೇರ್ ಬದಲಿಸುವ ಗೋಜು ಕಡಿಮೆ. ಬದಲಿಸಬೇಕಾದರೆ ಡಬಲ್ ಕ್ಲಚ್, ಅಂದರೆ ಎರಡು ಸಲ ಕ್ಲಚ್ ಒತ್ತುವುದು, ಬೇಕೇ ಬೇಕು. ಗೇರುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೋಮೆಶ್ ಇದರಲ್ಲಿಲ್ಲ. ತೊಂದರೆ ಇರುವುದು ವೇಗದ ಕಡೆ. ಹಿಂದಿನ ಆಕ್ಸಲ್ ಅನುಪಾತ 3.78, ಅಂದರೆ ಟಾಪ್ ಗೇರಿನಲ್ಲಿ ಚಕ್ರ ಒಂದು ಸುತ್ತು ಸುತ್ತಲು ಎಂಜಿನ್ 3.78 ಸುತ್ತು ಸುತ್ತಬೇಕು. ಗಂಟೆಗೆ 70 ಕಿ.ಮೀ. ತಲುಪುವಾಗ ಎಂಜಿನ್ ಆಗಲೇ 2000 ಆರ್‌ಪಿಎಂ ಹತ್ತಿರ ತಿರುಗುತ್ತಿರುತ್ತದೆ, ಅಂದರೆ ಅದರ ಪೂರ್ತಿ ಶಕ್ತಿಯ ಹತ್ತಿರ. 60 ರಿಂದ 65ರಲ್ಲಿ ಕಾರು ನೆಮ್ಮದಿಯಾಗಿರುತ್ತದೆ. 75 ದಾಟಿದರೆ ನೆಲದ ಹಲಗೆ, ಪೆಡಲ್, ಬಾಗಿಲು ಎಲ್ಲಾ ಮಾತಾಡಲು ಶುರು ಮಾಡುತ್ತವೆ. ನಾನು ಹಾಕಿಸಿದ ಓವರ್‌ಡ್ರೈವ್, ಅಂದರೆ ಟಾಪ್‌ಗಿಂತಲೂ ಮೇಲಿನ ಗೇರು, ಅದೇ ಓಟಕ್ಕೆ ಎಂಜಿನ್ ವೇಗವನ್ನು ಸುಮಾರು ಕಾಲು ಭಾಗ ಇಳಿಸುತ್ತದೆ. ಈ ಕಾರಿಗೆ ಖರ್ಚು ಮಾಡಿದ್ದರಲ್ಲಿ ಅತಿ ಹೆಚ್ಚು ಆರಾಮ ಕೊಟ್ಟದ್ದು ಅದೇ. ಆದರೆ ಓವರ್‌ಡ್ರೈವ್ ಬಂದ ಮೇಲೆ ವೇಗ ಏರುತ್ತದೆ, ನಿಲ್ಲಿಸಲು ಇರುವುದು ಅದೇ ಬ್ರೇಕು.

ಈ ಬ್ರೇಕು ಕಂಬಿಗಳಿಂದ ಎಳೆಯುವಂಥದ್ದು, ನಾಲ್ಕೂ ಚಕ್ರಕ್ಕೆ. ಕೆಟ್ಟದು ಅಂತ ಸುಮ್ನೆ ಹೇಳುವವರು ತುಂಬಾ ಜನ. ಸವೆದ ಪಿನ್ನು, ಅಗಲವಾದ ತೂತುಗಳೊಂದಿಗೆ ಓಡಿಸಿದರೆ ಕೆಟ್ಟದೇ. ಪ್ರತಿ ಕೀಲಿನಲ್ಲೂ ಅರ್ಧ ಮಿಲಿಮೀಟರ್ ಸಡಿಲ ಇದ್ದರೆ ಪೆಡಲ್ಲಿನ ಅರ್ಧ ಚಲನೆ ಅಲ್ಲೇ ಕಳೆದುಹೋಗುತ್ತದೆ. ಪಿನ್ನುಗಳನ್ನೆಲ್ಲಾ ಬದಲಿಸಿ, ಮೂಲದ ತೆಳು ಉಕ್ಕಿನ ಡ್ರಮ್ ತೆಗೆದು ಎರಕದ ಕಬ್ಬಿಣದ ಡ್ರಮ್ ಹಾಕಿಸಿದೆ. ಉಕ್ಕಿನ ಡ್ರಮ್ ಬಿಸಿಗೆ ಹಿಗ್ಗಿ ಲೈನರ್‌ನಿಂದ ದೂರ ಸರಿಯುತ್ತದೆ, ಇಳಿಜಾರಿನಲ್ಲಿ ಪೆಡಲ್ ಕೆಳಕ್ಕೆ ಹೋಗುವುದು ಇದರಿಂದಲೇ. ಈಗ ಕಾರು ನೇರವಾಗಿ ನಿಲ್ಲುತ್ತದೆ. ಆದರೂ ಕಾಲಿಗೆ ಕೆಲಸ ಜಾಸ್ತಿ, ಮುಂದಿನ ವಾಹನದಿಂದ ದೂರ ಇಟ್ಟೇ ಓಡಿಸಬೇಕು. ಅಂದಹಾಗೆ, ಫೋರ್ಡಿಗೆ ಹೈಡ್ರಾಲಿಕ್ ಬ್ರೇಕ್, ಅಂದರೆ ಕಂಬಿಯ ಬದಲು ದ್ರವದ ಒತ್ತಡದಿಂದ ಹಿಡಿಯುವ ಬ್ರೇಕು, ಬಂದದ್ದು 1939ರ ಮಾಡೆಲ್‌ಗಳಲ್ಲಿ. ಕ್ರೈಸ್ಲರ್ 1924ರಲ್ಲೇ ಕೊಟ್ಟಿತ್ತು, ಷೆವರ್ಲೆ 1936ರಲ್ಲಿ. ಅಮೆರಿಕದ ಕಾರೇ ಬೇಕು, ಬ್ರೇಕೂ ಚೆನ್ನಾಗಿರಬೇಕು ಅನ್ನುವವರು ಆ ಕಡೆ ನೋಡಿ.

ಟ್ರಾಕ್ಷನ್ ಅವಾಂ ಹತ್ತಿ ಕುಳಿತರೆ ಬರೀ ಎಂಟು ವರ್ಷದಲ್ಲಿ ಕಾರು ಇಷ್ಟು ಬದಲಾಯಿತೇ ಅನ್ನಿಸುತ್ತದೆ. 1934ರಲ್ಲಿ ಬಂದ ಈ ಕಾರಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಎಂಜಿನ್ ಶಕ್ತಿ ಮುಂದಿನ ಚಕ್ರಕ್ಕೆ. ಸ್ಪ್ರಿಂಗ್ ಪಟ್ಟಿಗಳ ಜಾಗದಲ್ಲಿ ತಿರುಚುವ ಉಕ್ಕಿನ ಸರಳುಗಳು. ಹೈಡ್ರಾಲಿಕ್ ಬ್ರೇಕು. ಹಿಂದಕ್ಕೆ ಶಾಫ್ಟ್ ಹೋಗದ ಕಾರಣ ನೆಲ ಸಪಾಟು, ಕಾಲು ಚಾಚಿ ಕೂರಬಹುದು. ಕಾರು ಎಷ್ಟು ತಗ್ಗು ಅಂದರೆ ಹತ್ತಲು ಪಕ್ಕದ ಮೆಟ್ಟಿಲೇ ಬೇಕಿಲ್ಲ. ಗೇರ್ ಲಿವರ್ ಡ್ಯಾಶ್‌ಬೋರ್ಡಿನಿಂದ ಹೊರಗೆ ಬಂದಿರುತ್ತದೆ. 1911 ಸಿಸಿ, 46 ಅಶ್ವಶಕ್ತಿ. ಮಾಡೆಲ್ ಎಗಿಂತ ಬರೀ ಆರು ಹೆಚ್ಚು. ಆದರೂ 80–85 ಕಿ.ಮೀ. ವೇಗದಲ್ಲಿ ಗಂಟೆಗಟ್ಟಲೆ ಓಡುತ್ತದೆ, ಪಕ್ಕದವರೊಂದಿಗೆ ದನಿ ಏರಿಸದೆ ಮಾತಾಡಬಹುದು.

ತಿರುವಿನಲ್ಲಿ ಗೊತ್ತಾಗುತ್ತದೆ ಇದರ ಗುಣ. ಹಳ್ಳ ಬಿದ್ದ ತಿರುವನ್ನು ಮಾಡೆಲ್ ಎ ಹಾದು ಹೋಗುವಾಗ ಒಂದು ಚಕ್ರಕ್ಕೆ ಬಿದ್ದ ಪೆಟ್ಟು ಅಡ್ಡ ಸ್ಪ್ರಿಂಗಿನ ಮೂಲಕ ಇನ್ನೊಂದಕ್ಕೂ ಹೋಗುತ್ತದೆ, ಸ್ಟೀರಿಂಗ್ ಕೈಯಲ್ಲಿ ಅದುರುತ್ತದೆ. ಅದೇ ತಿರುವಿನಲ್ಲಿ ಟ್ರಾಕ್ಷನ್ ನೆಲಕ್ಕೆ ಅಂಟಿಕೊಂಡ ಹಾಗೆ ಹೋಗುತ್ತದೆ. ಇದರ ದೋಷ ನಿಂತಲ್ಲಿ ಸ್ಟೀರಿಂಗ್ ತಿರುಗಿಸುವಾಗ. ಎಂಜಿನ್ ಭಾರವೆಲ್ಲಾ ಮುಂದಿನ ಚಕ್ರದ ಮೇಲೆ. ಇಕ್ಕಟ್ಟಿನ ಜಾಗದಲ್ಲಿ ಪಾರ್ಕ್ ಮಾಡುವಾಗ ರಟ್ಟೆ ನೋಯುತ್ತದೆ, ಕಾರು ತಿರುಗಿಸಲು ಅಗಲ ಜಾಗವೂ ಬೇಕು.

ಹಾಗಾದರೆ ಟ್ರಾಕ್ಷನ್ನೇ ಗೆದ್ದಿತು ಅಲ್ವಾ? ರಿಪೇರಿ ಶೆಡ್ಡಿಗೆ ಹೋದರೆ ಮಾತು ಬದಲಾಗುತ್ತದೆ. ಬಾಡಿಯೇ ಚಾಸಿಸ್ ಆಗಿರುವುದರಿಂದ ತುಕ್ಕು ಹಿಡಿದರೆ ಕಾರಿನ ಬೆನ್ನೆಲುಬಿಗೇ ಹಿಡಿದಂತೆ. ನೋಡಲು ಹೋದಾಗ ಜಾಕ್ ಒಯ್ಯಿರಿ. ಬಾಗಿಲು ಮುಚ್ಚಿ, ಸುತ್ತಲಿನ ಸಂದನ್ನು ಬೆರಳಿನಿಂದ ಅಳೆಯಿರಿ. ಒಂದು ಬದಿಯನ್ನು ಮೆಲ್ಲಗೆ ಎತ್ತಿ ಮತ್ತೆ ನೋಡಿ. ಸಂದಿನ ಅಗಲ ಬದಲಾಗಿದ್ದರೆ, ಅಥವಾ ಬಾಗಿಲು ತೆಗೆಯುವಾಗ ಸಿಕ್ಕಿಕೊಂಡರೆ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗ ಒಳಗೊಳಗೇ ಹೋಗಿದೆ ಅಂತ ಅರ್ಥ. ಹೊರಗಡೆ ಬಣ್ಣ ಎಷ್ಟು ಹೊಳೆದರೂ ಅಂಥ ಕಾರು ಬೇಡ. ಆ ಟಿಂಕರಿಂಗ್ ಕೆಲಸಕ್ಕೆ ಕಾರನ್ನು ಸರಿಯಾದ ಕಡೆ ಆನಿಸಿ ನಿಲ್ಲಿಸಿಕೊಂಡು ವೆಲ್ಡ್ ಮಾಡಬೇಕು, ಇಲ್ಲದಿದ್ದರೆ ಬಾಡಿ ಸೊಟ್ಟಗಾದಲ್ಲೇ ಗಟ್ಟಿಯಾಗುತ್ತದೆ.

ಮೆಕ್ಯಾನಿಕಲ್ ಕೆಲಸದಲ್ಲೂ ಎರಡಕ್ಕೂ ಬಹಳ ಅಂತರ. ಮಾಡೆಲ್ ಎ ಬಾನೆಟ್ ತೆಗೆದರೆ ಎಲ್ಲಾ ಕಣ್ಣಿಗೆ ಕಾಣುತ್ತದೆ, ಎಲ್ಲದಕ್ಕೂ ಸ್ಪ್ಯಾನರ್ ಹೋಗುತ್ತದೆ. ಹೆಚ್ಚುಕಮ್ಮಿ ಪ್ರತಿ ಬಿಡಿಭಾಗವೂ ಹೊಸದಾಗಿ ಸಿಗುತ್ತದೆ. ಪೆಟ್ರೋಲ್ ಟ್ಯಾಂಕ್ ಗಾಜಿನ ಮುಂದೆಯೇ ಎತ್ತರದಲ್ಲಿದೆ, ಪೆಟ್ರೋಲ್ ತಾನೇ ಇಳಿದು ಬರುತ್ತದೆ, ಪಂಪೇ ಇಲ್ಲ. ಕಷ್ಟವಾದದ್ದು ಬೇರಿಂಗ್ ಒಂದೇ. ಅದು ಬ್ಯಾಬಿಟ್ ಅನ್ನುವ ಮೃದು ಮಿಶ್ರಲೋಹವನ್ನು ಕರಗಿಸಿ ಎರಕ ಹೊಯ್ದದ್ದು, ಆ ಕೈಚಳಕ ಇರುವವರು ಕಡಿಮೆ. ನಾನು ಈಗಿನ, ಬದಲಿಸಬಹುದಾದ ಶೆಲ್ ಬೇರಿಂಗ್ ಕೂರುವಂತೆ ಬ್ಲಾಕ್ ಕೊರೆಸಿದೆ. ದೂರ ಓಡಿಸುವವರಿಗೆ ಅದೇ ಒಳ್ಳೆಯದು.

ಟ್ರಾಕ್ಷನ್ನಿನ ಎಂಜಿನ್ ಭಾಗ ಇದಕ್ಕಿಂತ ಸುಲಭ. ಪಿಸ್ಟನ್ ಓಡಾಡುವ ಕೊಳವೆಗಳು, ಅಂದರೆ ಸಿಲಿಂಡರ್ ಲೈನರ್‌ಗಳು, ಹೊರಗೆ ಬರುತ್ತವೆ. ಬೋರ್ ಮಾಡಿಸುವ ಕೆಲಸವಿಲ್ಲ, ಲೈನರ್ ಪಿಸ್ಟನ್ ಜೋಡಿ ಕೂರಿಸಿದರಾಯಿತು. 1957ರ ತನಕ ತಯಾರಾದ್ದರಿಂದ ಎಂಜಿನ್ ಭಾಗಗಳಿಗೆ ಬರವಿಲ್ಲ. ಉಳಿದದ್ದಕ್ಕೆ ತಾಳ್ಮೆ ಬೇಕು. ಬ್ರೇಕ್ ಡ್ರಮ್ ತೆಗೆಯಲು ಅದಕ್ಕೇ ಆದ ಪುಲ್ಲರ್ ಬೇಕು, ಸುತ್ತಿಗೆಯಿಂದ ಬಡಿದರೆ ಡ್ರಮ್ ಹಾಳು. ಗೇರ್‌ಬಾಕ್ಸ್ ಈ ಕಾರಿನ ದುರ್ಬಲ ಜಾಗ. ಅವಸರದಲ್ಲಿ ಗೇರ್ ತುರುಕುವವರ ಕೈಗೆ ಕೊಡಬೇಡಿ. ಮುಂದಿನ ಶಾಫ್ಟಿನ ಕೀಲುಗಳಿಗೆ ಗ್ರೀಸ್ ತಪ್ಪಿಸುವ ಹಾಗಿಲ್ಲ. ಪೂರ್ತಿ ತಿರುಗಿಸಿ ಮೆಲ್ಲಗೆ ಮುಂದೆ ಹೋದಾಗ ಟಕ್ ಟಕ್ ಸದ್ದು ಬಂದರೆ ಅವು ಸವೆದಿವೆ.

ಎರಡು ಕಾರಿಗೂ 6 ವೋಲ್ಟ್ ಬ್ಯಾಟರಿ. 12ಕ್ಕೆ ಬದಲಿಸಿಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಮಾಡೆಲ್ ಎಗೆ ನಾನು ಬದಲಿಸಿಲ್ಲ. ವೋಲ್ಟ್ ಅರ್ಧವಾದರೆ ಅದೇ ಕೆಲಸಕ್ಕೆ ಕರೆಂಟ್ ಎರಡರಷ್ಟು ಹರಿಯಬೇಕು, ಹಾಗಾಗಿ ಕೇಬಲ್ ದಪ್ಪ ಇರಬೇಕು. ಈಗಿನ ಕಾರಿನ ತೆಳು ಕೇಬಲ್ ಹಾಕಿ ಸೆಲ್ಫ್ ಮೋಟರ್ ಎಳೆಯುವುದಿಲ್ಲ ಅನ್ನುವವರೇ ಜಾಸ್ತಿ. ದಪ್ಪ ಕೇಬಲ್ ಹಾಕಿ, ಅರ್ತ್ ಕೂರುವ ಜಾಗದ ಬಣ್ಣ ಕೆರೆದು ಬರಿಯ ಲೋಹ ಕಾಣಿಸಿ, ಅಲ್ಲಿ ಬಿಗಿಯಿರಿ. ಮಾಡೆಲ್ ಎನಲ್ಲಿ ಅರ್ತ್ ಆಗುವುದು ಪಾಸಿಟಿವ್ ತುದಿ ಅನ್ನುವುದು ನೆನಪಿರಲಿ. ಟ್ರಾಕ್ಷನ್ನನ್ನು ಮಾತ್ರ 12ಕ್ಕೆ ಬದಲಿಸಿದೆ, ರಾತ್ರಿ ಓಡಿಸುವುದು ಅದನ್ನೇ.

ಟೈರಿನಲ್ಲೂ ಹೀಗೇ. ಮಾಡೆಲ್ ಎಗೆ ಹಳೆಯ ಮಾದರಿಯ ಕಿರಿದಾದ ಟೈರೇ ಸರಿ, ಅಗಲವಾದದ್ದು ಹಾಕಿದರೆ ಸ್ಟೀರಿಂಗ್ ಭಾರವಾಗುತ್ತದೆ. ನನ್ನ ಟ್ರಾಕ್ಷನ್ನಿಗೆ ಹಿಂದಿನವರು ಯುದ್ಧದ ನಂತರದ ಚಕ್ರ ಹಾಕಿಸಿದ್ದರು. ಅದಕ್ಕೆ 165–400 ಅಳತೆಯ ರೇಡಿಯಲ್ ಟೈರ್ ಕೂರುತ್ತದೆ. ಮೂಲದ ಚಕ್ರ ಅಟ್ಟದ ಮೇಲಿದೆ, ಅಲ್ಲೇ ಇರಲಿ.

ದುಡ್ಡು, ಸಮಯ ಎರಡೂ ಕಡಿಮೆ ಇದ್ದು, ಸ್ಪ್ಯಾನರ್ ಹಿಡಿಯುವ ಆಸೆ ಇದ್ದರೆ ಮಾಡೆಲ್ ಎ ತಗೊಳ್ಳಿ. ಬಣ್ಣ ಮಂಕಾಗಿ, ಓಡುತ್ತಿರುವ ಕಾರನ್ನೇ ಹುಡುಕಿ. ಬಣ್ಣಕ್ಕೆ ಇಟ್ಟ ದುಡ್ಡನ್ನು ಡ್ರಮ್ಮು, ಪಿನ್ನು, ಓವರ್‌ಡ್ರೈವಿಗೆ ಹಾಕಿ. ಮನೆಯವರನ್ನೆಲ್ಲಾ ಕೂರಿಸಿಕೊಂಡು ದೂರ ಹೋಗಬೇಕು ಅಂದರೆ ಟ್ರಾಕ್ಷನ್ನೇ ಆಗಬೇಕು. ತುಕ್ಕಿಲ್ಲದ ಬಾಡಿ ಸಿಗುವ ತನಕ ಕಾಯಿರಿ, ಎಂಜಿನ್ ಕೆಟ್ಟಿದ್ದರೂ ಪರವಾಗಿಲ್ಲ. ನನ್ನ ಬಳಿ ಒಂದನ್ನೇ ಇಟ್ಟುಕೊಳ್ಳಬೇಕು ಅಂತಾದರೆ ಟ್ರಾಕ್ಷನ್ ಇಟ್ಟುಕೊಂಡು ಮಾಡೆಲ್ ಎಯನ್ನು ಈಗಷ್ಟೇ ರಿಪೇರಿ ಕೆಲಸ ಕಲಿಯುತ್ತಿರುವ ಯಾರಾದರೂ ಹುಡುಗ ಹುಡುಗಿಗೆ ಕೊಡುತ್ತೇನೆ.